ಬಿಡ್ತೀನಿ ಅಂದ ಗಿರಾಕಿ

ಮನೆಯಾಕೆ: ಬೇಡ ಅಂದ್ರೆ ಬೇಡ ರೀ. ಹಲ್ಲು ಕಿತ್ತ ಹಾವು ಬುಸ್ ಅಂದ್ರೆ ಯಾರು ಹೆದರ್ತಾರೆ? ಬನ್ನಿ, ಮನೆಗೆ ಹೋಗೋಣ.

ಯಜಮಾನರು: ನೀನು ಸುಮ್ನೆ ನೋಡ್ತಾ ಇರು. ‘ಇಂಟರ್ನೆಟ್ ಬಿಡ್ತೀನಿ’ ಅಂತ ಒಂದೇ ಒಂದು ಮಾತು. ಬಿಲ್ಲು ಅರ್ಧ ಮಾಡಿ, ಕೈ ಮುಗಿದು ಕಳಿಸ್ತಾರೆ.

ಮನೆಯಾಕೆ: ಯಾರು ಹೇಳಿದ್ದು?

ಯಜಮಾನರು: ನಮ್ಮಾಫೀಸಿನ ಕ್ಯಾಷಿಯರ್. ಅವನಿಗೆ ಅರ್ಧ ಮಾಡಿಕೊಟ್ರಂತೆ.

ಮನೆಯಾಕೆ: ನಿಮಗೆ ಅರ್ಧ ಬೆಲೆಗೆ ಒಂದು ಮೂಟೆ ಈರುಳ್ಳಿ ಕೊಡಿಸಿದ್ದೂ ಅವರೇ ಅಲ್ವಾ?

ಯಜಮಾನರು: ಅದು ಬೇರೆ, ಇದು ಬೇರೆ.

ಮನೆಯಾಕೆ: ಹೌದು, ಬೇರೆ. ಅದು ಆಗಲೇ ನಾರ್ತಿದೆ. ಇದು ಇನ್ನು ನಾರಬೇಕು.

ಇಂಟರ್ನೆಟ್ ಕಂಪನಿಯ ಕಚೇರಿಯಲ್ಲಿ, ಟೋಕನ್ ಚೀಟಿ ಹಿಡಿದು, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಈ ಮಾತು ನಡೆದಿತ್ತು. ‘ಯಜಮಾನರು’ ಎಂಬುದು ಮನೆಯಲ್ಲಿ ಇವರಿಗೆ ಮೊದಲಿನಿಂದಲೂ ಇದ್ದ ಬಿರುದು; ಅಧಿಕಾರ ಸಿಕ್ಕಿದ್ದು ಮಾತ್ರ ಮೊನ್ನೆ ಮೊನ್ನೆ. ಮದುವೆಯಾದಂದಿನಿಂದ ಸಂಬಳ ತಂದು ಹೆಂಡತಿಯ ಕೈಗೆ ಹಾಕಿ ನಿಶ್ಚಿಂತೆಯಾಗಿದ್ದ ಪುಣ್ಯಾತ್ಮರು, ಈ ತಿಂಗಳ ಮೊದಲ ದಿನ ಕ್ಯಾಷಿಯರ್ ಮಾತು ಕಟ್ಟಿಕೊಂಡು ‘ಖರ್ಚು ಹೆಂಗಸರ ಕೈಲಿದ್ದರೆ ಹೀಗೇ’ ಎಂದುಬಿಟ್ಟರು. ಆಕೆ ಮರುಮಾತಾಡದೆ ಮನೆಖರ್ಚಿನ ಪರ್ಸನ್ನು ಅವರ ಮಡಿಲಿಗೆ ಎಸೆದಳು. ತಿಂಗಳು ಮುಗಿಯುವುದರೊಳಗೆ ಒಂದೇ ಒಂದು ಬಿಲ್ಲು ಇಳಿಸಿ ತೋರಿಸಿದರೆ ಪರ್ಸು ಅವರದೇ. ಇಲ್ಲವಾದರೆ ದುಡ್ಡಿನ ವಿಷಯದಲ್ಲಿ ಇನ್ನು ಈ ಜನ್ಮದಲ್ಲಿ ತುಟಿ ಪಿಟಕ್ ಅನ್ನುವಂತಿಲ್ಲ.

ಯಜಮಾನರು ಕರೆಂಟು ಉಳಿಸಲೆಂದು ನಡುಮನೆಯ ಬಲ್ಬು ಕಳಚಿದರು. ಆ ಕತ್ತಲಲ್ಲಿ ತಾವೇ ಸ್ಟೂಲಿಗೆ ಎಡವಿ ಕಾಲುಬೆರಳು ಮುರಿದುಕೊಂಡರು. ಉಳಿದ ಕರೆಂಟಿನ ದುಡ್ಡು ಡಾಕ್ಟರ ಫೀಸಿಗಿರಲಿ, ಬ್ಯಾಂಡೇಜು ಬಟ್ಟೆಗೂ ಸಾಲಲಿಲ್ಲ. ಇವತ್ತು ತಿಂಗಳ ಕೊನೆ. ಇನ್ನು ಉಳಿದಿದ್ದು ಇದೊಂದೇ ಬಿಲ್ಲು, ಜೊತೆಗೆ ಅವರ ಮಾನ.

ಇವರ ಟೋಕನ್ ನಂಬರ್ ಕೂಗಿದರು. ಯಜಮಾನರು ಕುಂಟುತ್ತಾ ಹೋಗಿ, ಎದೆ ಸೆಟೆಸಿ ನಿಂತರು.

ಯಜಮಾನರು: ನೋಡಮ್ಮ, ನಮ್ಮನೆ ಇಂಟರ್ನೆಟ್ ಬಿಡೋಣ ಅಂತಿದ್ದೀನಿ.

ಕೌಂಟರಿನಾಕೆ: ಕಸ್ಟಮರ್ ನಂಬರ್ ಹೇಳಿ ಸರ್.

ನಂಬರ್ ಒತ್ತಿದ ಆಕೆ ಪರದೆ ನೋಡಿ ನೆಟ್ಟಗೆ ಕೂತಳು. ಹುಬ್ಬು ಮೇಲೇರಿತು.

ಯಜಮಾನರು: (ಹೆಂಡತಿಗೆ, ಮೆಲ್ಲಗೆ) ನೋಡಿದ್ಯಾ? ನಡುಗಿಹೋದಳು.

ಕೌಂಟರಿನಾಕೆ: ಸರ್, ನಿಜವಾಗ್ಲೂ ಬಿಡ್ತೀರಾ?

ಯಜಮಾನರು: ನಿಜವಾಗ್ಲೂ.

ಕೌಂಟರಿನಾಕೆ: ಮನಸ್ಸು ಬದಲಾಯಿಸಲ್ಲ ತಾನೇ?

ಯಜಮಾನರು: ನಂದು ಒಂದೇ ಮಾತು.

ಮನೆಯಾಕೆ: ರೀ, ಆಕೆ ನಗ್ತಿದ್ದಾಳೆ. ನನಗ್ಯಾಕೋ ಸರಿ ಕಾಣ್ತಿಲ್ಲ.

ಯಜಮಾನರು: ಅಳು ತಡ್ಕೊಂಡಾಗ ಮುಖ ಹಾಗೇ ಆಗುತ್ತೆ ಕಣೇ.

ಕೌಂಟರಿನಾಕೆ: ಇಲ್ಲೊಂದು ಸಹಿ ಹಾಕಿ ಸರ್.

ಯಜಮಾನರು: ಸಹೀನಾ? ಅಲ್ಲಮ್ಮ, ಯಾಕೆ ಬಿಡ್ತೀರಿ ಅಂತ ಕೇಳೋದಿಲ್ವಾ?

ಕೌಂಟರಿನಾಕೆ: ಅದು ನಿಮ್ಮ ಸ್ವಂತ ವಿಷಯ ಸರ್. ನಾವು ಹೇಗೆ ಕೇಳೋದು?

ಯಜಮಾನರು: ನಾನು ಹನ್ನೆರಡು ವರ್ಷದ ಗಿರಾಕಿ!

ಕೌಂಟರಿನಾಕೆ: ಗೊತ್ತು ಸರ್. ನಮ್ಮ ಪ್ರತಿ ಮೀಟಿಂಗಲ್ಲೂ ನಿಮ್ಮ ಹೆಸರು ಬರುತ್ತೆ.

ಯಜಮಾನರು ಉಬ್ಬಿಹೋದರು. ಅವರ ಹೆಸರು ಅವರದೇ ಆಫೀಸಿನ ಮೀಟಿಂಗಿನಲ್ಲಿ ಒಮ್ಮೆ ಬಂದಿತ್ತು, ಅದೂ ತಡವಾಗಿ ಬರುವವರ ಪೈಕಿ.

ಯಜಮಾನರು: ಕೇಳಿಸ್ಕೊಂಡ್ಯಾ? ಮೀಟಿಂಗಲ್ಲಿ! ನಾನು ಸಹಿ ಹಾಕೋಕೆ ಪೆನ್ನು ಎತ್ತಿದ್ದೇ ತಡ, ಓಡಿಹೋಗಿ ಮ್ಯಾನೇಜರನ್ನ ಕರೀತಾಳೆ, ನೋಡ್ತಾ ಇರು.

ಪೆನ್ನು ಎತ್ತಿದರು. ಯಾರೂ ಓಡಲಿಲ್ಲ. ಎತ್ತಿದ ಪೆನ್ನು ಇಳಿಸುವುದು ಹೇಗೆಂದು ತಿಳಿಯದೆ ಸಹಿಯನ್ನೇ ಹಾಕಿಬಿಟ್ಟರು. ಆಮೇಲೆ ಆಕೆ ನಿಜಕ್ಕೂ ಮ್ಯಾನೇಜರನ್ನು ಕರೆದಳು.

ಕೌಂಟರಿನಾಕೆ: (ಒಳಕೋಣೆಯ ಕಡೆ ತಿರುಗಿ) ಸರ್! ಹೋದ್ರು ಸರ್! ಅವರೇ ಬಂದು ಸಹಿ ಹಾಕಿ ಹೋದ್ರು!

ಒಳಗೆ ಯಾರೋ ಚಪ್ಪಾಳೆ ತಟ್ಟಿದರು.

ಯಜಮಾನರು: ಯಾರಮ್ಮ ಹೋದ್ರು?

ಕೌಂಟರಿನಾಕೆ: ನೀವೇ ಸರ್. ನಿಮ್ಮದು ಕಂಪನಿ ಶುರುವಾದಾಗಿನ ದರ. ಊರಲ್ಲಿ ಎಲ್ಲರಿಗೂ ಏರಿಸಿ ಆಯ್ತು, ನಿಮ್ಮದೊಂದು ಉಳ್ಕೊಂಡಿತ್ತು. ನಾವಾಗೇ ತೆಗೆಯೋ ಹಾಗಿರಲಿಲ್ಲ. ನೀವಾಗೇ ಬಿಟ್ರೆ ಮಾತ್ರ.

ಮನೆಯಾಕೆ: ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು.

ಯಜಮಾನರು: ತಮಾಷೆಗೆ ಅಂದೆ ಕಣಮ್ಮ! ಆ ಕಾಗದ ಹರಿದು ಹಾಕು.

ಕೌಂಟರಿನಾಕೆ: ಆ ದರ ಈಗ ಕಂಪ್ಯೂಟರಲ್ಲೇ ಇಲ್ಲ ಸರ್.

ಯಜಮಾನರು: ನಾನೂ ಕೌಂಟರಿನ ಒಳಗೆ ಕೂತು ಕೆಲಸ ಮಾಡೋನೇ. ಏನಾದರೊಂದು ದಾರಿ ಇದ್ದೇ ಇರುತ್ತೆ. ನಂಗೊತ್ತಿಲ್ವಾ?

ಕೌಂಟರಿನಾಕೆ: ಇಂಥ ಕೇಸು ಬಂದ್ರೆ ನಿಮ್ಮ ಕೌಂಟರಲ್ಲಿ ಏನು ಹೇಳ್ತೀರಿ ಸರ್?

ಯಜಮಾನರು: ನಾಳೆ ಬನ್ನಿ ಅಂತೀನಿ.

ಕೌಂಟರಿನಾಕೆ: ನಾಳೆ ಬನ್ನಿ ಸರ್.

ಯಜಮಾನರು: ನಾಳೆ ಬಂದ್ರೆ ಆಗುತ್ತಾ?

ಕೌಂಟರಿನಾಕೆ: ನಿಮ್ಮಲ್ಲಿ ಆಗುತ್ತಾ ಸರ್?

‘ನಾಳೆ ಬನ್ನಿ’ ಎಂದು ತಾವು ಕಳಿಸಿದ ಮುದುಕರು, ಮುದುಕಿಯರು ಸಾಲಾಗಿ ಯಜಮಾನರ ಕಣ್ಣ ಮುಂದೆ ಹಾದುಹೋದರು. ತಮ್ಮ ಮೇಲೆ ತಮಗೇ ನಾಚಿಕೆಯಾಯಿತು.

ಮನೆಯಾಕೆ: ನಾಳೆ ಬೆಳಿಗ್ಗೆ ಮಗಳಿಗೆ ಆನ್‌ಲೈನ್ ಪರೀಕ್ಷೆ ಇದೆ. ಅವಳಿಗೆ ಏನು ಹೇಳ್ತೀರಿ?

ಯಜಮಾನರು: (ಬೆವರೊರೆಸಿಕೊಳ್ಳುತ್ತಾ) ನೋಡಮ್ಮ, ಹೊಸ ದರಕ್ಕೇ ಕೊಟ್ಬಿಡು. ಎಷ್ಟಾಗುತ್ತೆ?

ಕೌಂಟರಿನಾಕೆ: ನಿಮ್ಮ ಹಳೇ ದರದ ಎರಡೂವರೆ ಪಟ್ಟು.

ಯಜಮಾನರು ಕೌಂಟರನ್ನು ಹಿಡಿದುಕೊಂಡರು. ಮನೆಯಾಕೆ ಅವರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

ಮನೆಯಾಕೆ: ಬಾಗಿಲಲ್ಲಿ ‘ಹೊಸ ಗಿರಾಕಿಗೆ ಅರ್ಧ ದರ’ ಅಂತ ಬೋರ್ಡ್ ಹಾಕಿದ್ದೀರಲ್ಲ?

ಕೌಂಟರಿನಾಕೆ: ಅದು ಹೊಸಬರಿಗೆ ಮೇಡಂ. ಇವರು ಹಳಬರು.

ಮನೆಯಾಕೆ: ಇವರು ಹಳಬರೇ, ಅದರಲ್ಲಿ ನಂಗೂ ಅನುಮಾನ ಇಲ್ಲ. ನಾನು ಹೊಸಬಳು. ನನ್ನ ಹೆಸರಿಗೆ ಬರ್ಕೊಳ್ಳಿ.

ಕೌಂಟರಿನಾಕೆ: ನಿಮ್ಮ ಹೆಸರಲ್ಲಿ ಮೊದಲು ಕನೆಕ್ಷನ್ ಇತ್ತಾ ಮೇಡಂ?

ಮನೆಯಾಕೆ: ನನ್ನ ಹೆಸರಲ್ಲಿ ಇವರ ಮನೇಲಿ ಏನೂ ಇಲ್ಲ. ಈರುಳ್ಳಿ ಮೂಟೆ ಕೂಡ ಇವರದೇ.

ಅಷ್ಟೇ ಸಾಕಾಯಿತು. ಆಕೆಗೆ ಗಾಲಿಯಿದ್ದ ಮೆತ್ತನೆಯ ಕುರ್ಚಿ ಬಂತು, ಕುಡಿಯಲು ನೀರು ಬಂತು. ಚಪ್ಪಾಳೆ ತಟ್ಟಿದ್ದ ಮ್ಯಾನೇಜರ್ ಹೊರಗೆ ಬಂದು ‘ನಮಸ್ಕಾರ ಮೇಡಂ’ ಎಂದು ಕೈಮುಗಿದು ಹೋದರು. ಹನ್ನೆರಡು ವರ್ಷದ ಗಿರಾಕಿ ಗೋಡೆಗೊರಗಿ, ನೋಯುವ ಕಾಲೆತ್ತಿ, ಒಂಟಿಕಾಲಲ್ಲಿ ನಿಂತಿದ್ದರು.

ಯಜಮಾನರು: (ಹುಲ್ಲುಕಡ್ಡಿ ಸಿಕ್ಕವರಂತೆ) ಏನೇ ಆಗಲಿ, ಅರ್ಧ ಆಯ್ತಲ್ಲ! ಅರ್ಧ ಮಾಡಿಸ್ತೀನಿ ಅಂದಿದ್ದೆ, ಮಾಡಿಸಿದೆ.

ಮನೆಯಾಕೆ: ಎರಡೂವರೆ ಪಟ್ಟು ಏರಿಸಿ, ಆಮೇಲೆ ಅರ್ಧ ಮಾಡಿಸಿದ್ರಿ.

ಯಜಮಾನರು: ಹಾಗೆ ಲೆಕ್ಕ ಹಾಕಿದ್ರೆ ಸ್ವಲ್ಪ ಜಾಸ್ತಿ ಆಗಿರಬಹುದು.

ಮನೆಯಾಕೆ: ಅದೂ ಆರು ತಿಂಗಳಿಗೆ. ಆಮೇಲೆ ಪೂರ್ತಿ ದರ.

ಯಜಮಾನರು: ಆಮೇಲೇನು ಮಾಡೋದೇ?

ಮನೆಯಾಕೆ: ಆಗ ನಾನು ಬಿಡ್ತೀನಿ, ನೀವು ಹೊಸಬರಾಗಿ ಬನ್ನಿ. ಮದುವೆ ಮನೆಗೆ ಬಂದ ಹಾಗೆ ತಲೆ ಬಾಚ್ಕೊಂಡು ಬನ್ನಿ, ಗುರುತು ಸಿಗಬಾರದು.

ಕೌಂಟರಿನಾಕೆ ಪರದೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಈ ಸಲ ಅದು ಅಳು ಎಂದು ಹೇಳುವ ಧೈರ್ಯ ಯಜಮಾನರಿಗೆ ಬರಲಿಲ್ಲ.

ಹೊರಗೆ ಬೀದಿಯಲ್ಲಿ ಇಬ್ಬರೂ ಬಸ್ಸಿಗೆ ನಿಂತರು. ಯಜಮಾನರು ಜೇಬಿಗೆ ಕೈಹಾಕಿ ಪರ್ಸು ತೆಗೆದು ತಾವಾಗಿಯೇ ಮುಂದೆ ಚಾಚಿದರು.

ಯಜಮಾನರು: ತಗೋ ಮಾರಾಯ್ತಿ. ಒಂದು ತಿಂಗಳಿಗೇ ಇದು ಹೊಟ್ಟೆಗಿಲ್ಲದೆ ಸೊರಗಿಹೋಗಿದೆ. ಇನ್ನೊಂದು ತಿಂಗಳು ನನ್ನ ಹತ್ರ ಇದ್ದಿದ್ರೆ ಪರ್ಸನ್ನೂ ಮಾರಬೇಕಾಗ್ತಿತ್ತು.

ಆಕೆ ತೆಗೆದುಕೊಂಡು, ಜಿಪ್ಪು ಎಳೆದು, ಸೆರಗಿನೊಳಗೆ ಇಟ್ಟುಕೊಂಡಳು. ಯಜಮಾನರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸೋತರೆ ಇಷ್ಟು ಸುಖವಾಗುತ್ತದೆಂದು ಗೊತ್ತಿದ್ದರೆ ತಿಂಗಳ ಮೊದಲ ದಿನವೇ ಸೋಲುತ್ತಿದ್ದರು.

ಯಜಮಾನರು: ಒಂದು ಮಾತು ಕೇಳ್ತೀನಿ. ಊರಿನವರಿಗೆಲ್ಲ ದರ ಏರಿಸಿದ್ರಂತಲ್ಲ, ನಮ್ಮದೊಂದು ಹೇಗೆ ಉಳೀತು?

ಮನೆಯಾಕೆ: ವರ್ಷಾ ವರ್ಷಾ ಫೋನ್ ಮಾಡ್ತಿದ್ರು. ಹಳೇದು ಬಿಟ್ಟು ಹೊಸ ಪ್ಲಾನಿಗೆ ಬನ್ನಿ ಮೇಡಂ ಅಂತ. ‘ನಮ್ಮ ಯಜಮಾನರನ್ನ ಒಂದು ಮಾತು ಕೇಳಿ ಹೇಳ್ತೀನಿ’ ಅಂತ ಇಟ್ಬಿಡ್ತಿದ್ದೆ.

ಯಜಮಾನರ ಎದೆ ಮತ್ತೆ ಕೊಂಚ ಉಬ್ಬಿತು.

ಯಜಮಾನರು: ಅಂದ್ರೆ ನನ್ನ ಹೆಸರು ಹೇಳಿದ್ದಕ್ಕೇ ಉಳೀತು ಅನ್ನು. ಆದ್ರೆ ನೀನು ನನ್ನನ್ನ ಒಂದು ಸಲವೂ ಕೇಳಿದ ನೆನಪಿಲ್ವಲ್ಲ?

ಮನೆಯಾಕೆ: ಕೇಳಲಿಲ್ಲ. ಅದಕ್ಕೇ ಉಳೀತು.