ಅಡಿಗೆರೆ ಮಾಮಾ

ನಮ್ಮ ಮಾಮಾನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಸುತರಾಂ ಒಪ್ಪುವುದಿಲ್ಲ. ಹುಚ್ಚಿಗೆ ಎಲ್ಲಾದರೂ ಇಷ್ಟೊಂದು ನಿಯಮಗಳಿರುತ್ತವೆಯೇ?

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಬಾಗಲಕೋಟೆ ಕಡೆಯಿಂದ ಹೈದರಾಬಾದಿಗೆ ಬಂದು, ಸರಕಾರಿ ಕಾರ್ಖಾನೆಯೊಂದರ ನಕ್ಷೆಗಳ ಕೋಣೆಯಲ್ಲಿ ಮೂವತ್ತು ವರ್ಷ ಕಳೆದವರು. ಅಲ್ಲಿ ಒಂದು ತಿರುಪಿಗೂ ಹೆಸರು, ನಂಬರು, ಇಡುವ ಜಾಗ ಎಲ್ಲವೂ ಇರುತ್ತಿತ್ತಂತೆ. ನಿವೃತ್ತರಾಗಿ ಮನೆಗೆ ಬಂದು ನೋಡುತ್ತಾರೆ, ಯಾವುದಕ್ಕೂ ನಂಬರಿಲ್ಲ! ಪಾಪ, ಆರು ತಿಂಗಳು ಮಂಕಾಗಿದ್ದರು. ಆಮೇಲೆ ಯಾರೋ ಅವರ ಫೋನಿನಲ್ಲಿ ಇಡೀ ಲೋಕದ ನಕ್ಷೆಯೊಂದನ್ನು ತೋರಿಸಿದರು. ಯಾರು ಬೇಕಾದರೂ ಬಳಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ.

ಅದರಲ್ಲಿ ಪ್ರತಿ ವಸ್ತುವಿಗೂ ಒಂದು ಚೀಟಿ. ಚೀಟಿಯ ಎಡಗಡೆ ಇದು ಯಾವ ಬಗೆಯ ಸಂಗತಿ ಎಂಬ ಹೆಸರು, ಬಲಗಡೆ ಅದರ ಉತ್ತರ. ಎಡಗಡೆ 'ಅಂಗಡಿ', ಬಲಗಡೆ 'ಕಿರಾಣಿ', ಹೀಗೆ. ಎಡಗಡೆಯ ಹೆಸರಿಗೆ ಕೆಲವು ಕಟ್ಟಳೆಗಳಿವೆ. ಇಂಗ್ಲಿಷಿನ ಸಣ್ಣಕ್ಷರವೇ ಆಗಬೇಕು, ದೊಡ್ಡಕ್ಷರ ಸಲ್ಲದು. ಎರಡು ಪದಗಳಿದ್ದರೆ ನಡುವೆ ಜಾಗ ಬಿಡಬಾರದು, ಅಡಿಗೆರೆ ಎಳೆಯಬೇಕು. ಒಂದು ಬಗೆಯೊಳಗೆ ಇನ್ನೊಂದು ಬಗೆ ಬಂದರೆ ನಡುವೆ ಒಂದರ ಮೇಲೊಂದು ಎರಡು ಚುಕ್ಕಿ ಇಡಬೇಕು. ಇಷ್ಟೇ. ಉಳಿದವರು ಇದನ್ನು ಓದಿ ಮರೆಯುತ್ತಾರೆ. ಮಾಮಾ ಓದಿ, ಸ್ನಾನ ಮಾಡಿ ಬಂದು, ಮತ್ತೊಮ್ಮೆ ಓದಿದರು.

ಮೊದಲ ಬಲಿ ಅಡುಗೆಮನೆ. ನಾನು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಭಾನುವಾರಕ್ಕೊಮ್ಮೆ ಬಸ್ಸು ಹಿಡಿದು ಮೆಹದಿಪಟ್ಟಣಂನ ಅವರ ಮನೆಗೆ ಊಟಕ್ಕೆ ಹೋಗುತ್ತೇನೆ. ಹೋಗಿ ನೋಡಿದರೆ ಡಬ್ಬಿಗಳ ಮೇಲೆಲ್ಲ ಚೀಟಿ! ಬೇಳೆ, ಎರಡು ಚುಕ್ಕಿ, ತೊಗರಿ. ಬೇಳೆ, ಎರಡು ಚುಕ್ಕಿ, ಹೆಸರು. ಹಿಟ್ಟು, ಎರಡು ಚುಕ್ಕಿ, ಜೋಳ.

"ಕನ್ನಡದಾಗ ದೊಡ್ಡಕ್ಷರಾನ ಇಲ್ಲ ನೋಡು. ಭಾಳ ಶಿಸ್ತಿನ ಭಾಷಾ," ಎಂದರು ಮಾಮಾ.

ಒಲೆಯ ಮುಂದೆ ನಿಂತಿದ್ದ ಮಾಮಿ ಕೇಳಿದರು, "ರೀ, ಉಪ್ಪಿನ ಡಬ್ಬಿ ಎಲ್ಲಿ ಐತಿ?"

"ಮಸಾಲಿ, ಎರಡು ಚುಕ್ಕಿ, ಉಪ್ಪು."

"ಉಪ್ಪು ಮಸಾಲಿ ಹೆಂಗ ಆಕೈತ್ರಿ?"

ಮಾಮಾ ಆ ಚೀಟಿ ಕಿತ್ತರು, ಬೇರೆಯದು ಅಂಟಿಸಿದರು, ಅದನ್ನೂ ಕಿತ್ತರು. ಉಪ್ಪು ಯಾವ ಬಗೆಗೂ ಸೇರದೆ ಕೊನೆಗೆ ಚೀಟಿಯಿಲ್ಲದೆ ಉಳಿಯಿತು. ಈಗ ಆ ಮನೆಯಲ್ಲಿ ಎಲ್ಲರ ಕೈಗೂ ತಕ್ಷಣ ಸಿಗುವುದು ಅದೊಂದೇ ಡಬ್ಬಿ.

ಇದನ್ನೆಲ್ಲ ನಕ್ಕು ಬಿಡಬಹುದಿತ್ತು. ಆದರೆ ಆ ವರ್ಷವೇ ಮಾಮಿಯ ಮೊಣಕಾಲಿನ ಆಪರೇಷನ್ ಆಯಿತು. ದಿನಾ ಸಂಜೆ ನಡೆದುಕೊಂಡು ಹೋಗಿ, ರೈತು ಬಜಾರಿನಲ್ಲಿ ಒಂದೊಂದೇ ಬದನೆಕಾಯಿಯನ್ನು ಮುಟ್ಟಿ ನೋಡಿ ತರುತ್ತಿದ್ದ ಹೆಂಗಸು ಗೇಟಿನಾಚೆ ಕಾಲಿಡುವುದನ್ನೇ ಬಿಟ್ಟರು. ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ನಡೆಯದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದಂತೆ. ಯಾರು ಎಷ್ಟು ಹೇಳಿದರೂ "ಮನಸಿಲ್ಲ" ಎಂಬ ಒಂದೇ ಉತ್ತರ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು.

ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ನಮ್ಮ ಮಾಮಾ ಫೋನು, ಅಳತೆ ಟೇಪು ಹಿಡಿದು ದಿನಾ ಬೆಳಿಗ್ಗೆ ಒಬ್ಬರೇ ಹೊರಟುಬಿಡುತ್ತಿದ್ದರು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಭಾನುವಾರ ಬೇಗ ಬಂದು ಬೆನ್ನು ಹತ್ತಿ ಹೋದೆ. ಓಣಿಯ ಟೇಲರ್ ಅಂಗಡಿಯ ಮುಂದೆ ನಿಂತು, "ಇಧರ್ ಕೋಯಿ ಭೀ ಬೈಠ್ ಸಕ್ತೇ ಕ್ಯಾ?" ಎಂದು ಕೇಳಿದರು. ಇಲ್ಲಿ ಯಾರು ಬೇಕಾದರೂ ಕೂರಬಹುದೇ ಅಂತ.

"ಬೈಠೋ ಚಾಚಾ, ಕೌನ್ ಮನಾ ಕರ್ರಾ?" ಎಂದ ಟೇಲರ್. ಕೂರಿ, ಬೇಡ ಅನ್ನುವವರು ಯಾರು ಅಂತ.

ಮಾಮಾ ಅಂಗಡಿಯ ಕಟ್ಟೆಯ ಎತ್ತರ ಅಳೆದರು. ಕೂತರು. ಎದ್ದರು. ಮತ್ತೆ ಕೂತರು. ಬರೆದುಕೊಂಡರು.

ಟೇಪು ಹಿಡಿದ ಮನುಷ್ಯ ಅಂಗಡಿ ಕಟ್ಟೆ ಅಳೆದರೆ ಈ ಊರಿನಲ್ಲಿ ಅದಕ್ಕೆ ಒಂದೇ ಅರ್ಥ: ರಸ್ತೆ ಅಗಲ ಮಾಡುವವರು ಬಂದರು! ಮಾರನೆಯ ದಿನದಿಂದ ಮಾಮಾನಿಗೆ ಅಂಗಡಿ ಅಂಗಡಿಯಲ್ಲೂ ಚಹಾ, ಉಸ್ಮಾನಿಯಾ ಬಿಸ್ಕತ್ತು. ಎಷ್ಟು ಒಳ್ಳೆಯ ಜನ ಎಂದು ಮಾಮಾ ಕುಡಿದು, ತಿಂದು, ಅಳೆದು ಬಂದರು. ಮೂರನೆಯ ದಿನ ಕಿರಾಣಿಯವನೊಬ್ಬ ಹೆದರಿ, ಅವರು ಒಡೆಸುವ ಮೊದಲು ನಾನೇ ಒಡೆಸುತ್ತೇನೆ ಎಂದು ತನ್ನ ಕಟ್ಟೆಯನ್ನು ಕಿತ್ತುಹಾಕಿಸಿದ. ಮಾಮಾ ಆ ದಿನ ಊಟ ಮಾಡಲಿಲ್ಲ. ಮರುದಿನ ಹೋಗಿ ಕಿರಾಣಿಯವನ ಮುಂದೆ ಕೈಮುಗಿದು ನಿಂತರು. "ನಾ ಯಾವ ಆಫೀಸರೂ ಅಲ್ಲಪ್ಪಾ," ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ, ಕೊನೆಗೆ ಕನ್ನಡದಲ್ಲೂ ಹೇಳಿದರು. ಅವನು ನಂಬಲಿಲ್ಲ. ಹೆದರಿಕೆಯಿಂದಲೇ ಕಟ್ಟೆಯ ಬದಲು ಒಂದು ಚಿಕ್ಕ ಹಲಗೆ ಬೆಂಚು ತಂದಿಟ್ಟ. ಮಾಮಾ ಅದನ್ನೂ ಅಳೆದರು.

ಅಳೆದದ್ದೇನೋ ಆಯಿತು, ನಕ್ಷೆಗೆ ಏರಿಸುವುದು ಯಾವ ಹೆಸರಿನಲ್ಲಿ? ಬೆಂಚಿಗೆ ಹೆಸರಿದೆ. ಅಂಗಡಿಯವನು ಕೂರಗೊಡುವ ಕಟ್ಟೆಗೆ ಹೆಸರಿಲ್ಲ. ಹೊಸ ಹೆಸರು ಕಟ್ಟಬೇಕು. ಅದರ ನಡುವೆ ಅಡಿಗೆರೆಯೋ ಎರಡು ಚುಕ್ಕಿಯೋ? ಮಾಮಾ ನಕ್ಷೆಯವರ ಚರ್ಚೆಗೆ ಹಾಕಿದರು. ಜರ್ಮನಿಯವನೊಬ್ಬ ಅಡಿಗೆರೆ ಎಂದ. ಜಪಾನಿನವಳೊಬ್ಬಳು ಎರಡು ಚುಕ್ಕಿ ಎಂದಳು. ಮೂರು ವಾರ ನಡೆಯಿತು. ಕೊನೆಗೆ ಹಿರಿಯನೊಬ್ಬ, 'ನಿಮಗೆ ಬೇಕಾದ ಹೆಸರಿಡಿ, ಇಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ' ಎಂದು ಬರೆದ. ಮಾಮಾನಿಗೆ ಜೀವನದಲ್ಲಿ ಇಂಥ ಅವಮಾನ ಆಗಿರಲಿಲ್ಲ. ಆದರೂ ಅಡಿಗೆರೆಯನ್ನೇ ಎಳೆದು ಎಲ್ಲವನ್ನೂ ನಕ್ಷೆಗೆ ಏರಿಸಿದರು.

"ಮಾಮಾ, ಈ ಕಟ್ಟೀ ಪುರಾಣ ಬಿಟ್ಟು ಮಾಮೀನ್ನ ಹೊರಗ ಕರ್ಕೊಂಡು ಹೋಗ್ರಿ," ಎಂದು ನಾನು ರೇಗಿದೆ.

"ಅದನ್ನ ಮಾಡಾಕತ್ತೀನಲ್ಲ," ಎಂದು ಫೋನು ನನ್ನ ಕೈಗೆ ಕೊಟ್ಟರು.

ನೋಡಿದೆ. ಇಷ್ಟು ದೊಡ್ಡ ಹೈದರಾಬಾದಿನಲ್ಲಿ ನಕ್ಷೆಯ ಮೇಲೆ ಅವರು ಗುರುತು ಹಾಕಿದ್ದ ಚುಕ್ಕಿಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಮನೆಯ ಗೇಟಿನಿಂದ ಹೊರಟು, ಐವತ್ತೈವತ್ತು ಹೆಜ್ಜೆಗೆ ಒಂದೊಂದು, ರೈತು ಬಜಾರಿನ ಬಾಗಿಲಿಗೆ ಹೋಗಿ ನಿಂತಿದ್ದವು. ಪ್ರತಿ ಚುಕ್ಕಿಯಲ್ಲೂ ಎತ್ತರ, ನೆರಳು, ಏಳುವಾಗ ಹಿಡಿಯಲು ಆಸರೆ ಇದೆಯೋ ಇಲ್ಲವೋ ಎಂಬುದೆಲ್ಲ ಇತ್ತು.

"ಮನಸಿಲ್ಲ ಅಂತಾಳ. ಮನಸೈತಿ. ನಡುದಾರ್ಯಾಗ ಕಾಲು ಹಿಡದ್ರ ಎಲ್ಲಿ ಕೂಡ್ಲಿ ಅಂತ ಅಂಜಿಕಿ. ಹೇಳಾಕ ನಾಚಿಕಿ ಆಕಿಗೆ," ಎಂದರು ಮಾಮಾ.

ಅಷ್ಟು ದಿನ ಅವರನ್ನು ಬೈದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು.

ಮುಂದಿನ ಭಾನುವಾರ ಸಂಜೆ ಮೂವರೂ ಹೊರಟೆವು. ಟೇಲರ್ ಕಟ್ಟೆಯ ಮೇಲಿನ ಧೂಳು ಕೊಡವಿ, "ಆವೋ ಅಮ್ಮಾ," ಎಂದ. ಮಾಮಿ ಕೂತು, ಎದ್ದು, ಮುಂದೆ ನಡೆದರು. ಕಿರಾಣಿ ಅಂಗಡಿಯ ಮುಂದಿನ ಹಲಗೆ ಬೆಂಚಿನ ಮೇಲೆ ಕೂತವರು ಮಾತ್ರ ಬಹಳ ಹೊತ್ತಾದರೂ ಏಳಲಿಲ್ಲ.

ಮಾಮಾನ ಮುಖ ಸಣ್ಣದಾಯಿತು. "ಕಾಲು ನೋಯಾಕತ್ತೈತೇನು?"

"ಇಲ್ರಿ. ಮಂದೀನ್ನ ನೋಡಿ ಭಾಳ ದಿನ ಆತು. ನೋಡಾಕತ್ತೀನಿ."

ಮಾಮಾ ಪಕ್ಕದಲ್ಲೇ ನಿಂತಿದ್ದರು. ತಿಂಗಳುಗಟ್ಟಲೆ ಅಳೆದ ಮನುಷ್ಯ ಎಲ್ಲವನ್ನೂ ಒಬ್ಬರು ಕೂರುವಷ್ಟಕ್ಕೇ ಅಳೆದಿದ್ದರು. ಮಾಮಿ ಸೆರಗು ಒತ್ತಟ್ಟಿಗೆ ಎಳೆದುಕೊಂಡು, ಒಂದಿಷ್ಟು ಸರಿದು, ಹಲಗೆಯ ಮೇಲೆ ಕೈ ತಟ್ಟಿದರು.

"ನಿಮ್ಮ ಕಾಲೂ ಕಾಲ ಅಲ್ಲೇನ್ರಿ? ಕೂಡ್ರಿ."