ಸದ್ದೇ ಮಾಡದ ಎಂಜಿನ್ನಿನ ಅಧ್ಯಕ್ಷರಿಗೆ

ಲೀಟರಿಗೆ ನೂರು ಕಿಲೋಮೀಟರ್ ಓಡುವ ಕಾರನ್ನು ಕಂಡುಹಿಡಿದು, ಅದಕ್ಕೆ ಹಣ ಹೂಡಿದ ನಮ್ಮೆಲ್ಲರನ್ನೂ ಬೀದಿಯಲ್ಲಿ ನಿಲ್ಲಿಸಿ, ಸದ್ಯ ಸರ್ಕಾರದ ಖರ್ಚಿನಲ್ಲಿ ಸೆರೆಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿರುವ ಮಾನ್ಯರೇ,

ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಪತ್ರಿಕೆಯಲ್ಲಿ ಓದಿ ಸಮಾಧಾನವಾಯಿತು. ನಾನು ಮೂವತ್ತು ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿರುವ ಮೆಕ್ಯಾನಿಕ್. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ಯಾವ ಬೇರಿಂಗ್ ಸವೆದಿದೆಯೆಂದು ಹೇಳಿಬಿಡುತ್ತೇನೆ ಎಂಬ ಹೆಸರು ನನಗಿತ್ತು. ಆ ಹೆಸರಿನ ಕುರಿತಾಗಿಯೇ ಈ ಪತ್ರ.

ಗುಡ್ಡದ ರಸ್ತೆಯಲ್ಲಿ ತಾವು ಏರ್ಪಡಿಸಿದ್ದ ಪ್ರದರ್ಶನಕ್ಕೆ ಅಕ್ಕ ನನ್ನನ್ನೂ ಕರೆದೊಯ್ದಿದ್ದಳು. ತನ್ನ ಅಂಗಡಿಯ ಎರಡೂ ಹೊಲಿಗೆ ಯಂತ್ರಗಳನ್ನು ಮಾರಿ ತಮ್ಮ ಕೈಗಿಡುವ ಮುನ್ನ ನನ್ನ ಕಿವಿ ಏನನ್ನುತ್ತದೋ ಕೇಳೋಣವೆಂಬುದು ಅವಳ ಆಲೋಚನೆ. ತಾವು ಬಾನೆಟ್ಟಿಗೆ ಅರಗಿನ ಮುದ್ರೆ ಒತ್ತಿ, ಒಳಗಿರುವುದು ಕಂಪನಿಯ ರಹಸ್ಯ, ಎಂಜಿನ್ ಈಗಲೂ ಓಡುತ್ತಲೇ ಇದೆ ಎಂದಿರಿ. ಅಷ್ಟು ದೊಡ್ಡವರು ಕೈಮುಗಿದು ಹೇಳಿದ ಮೇಲೆ ಎತ್ತಿ ನೋಡುವುದು ಮರ್ಯಾದೆಯೇ? ಮುಚ್ಚಿದ ಬಾನೆಟ್ಟಿನ ಮೇಲೇ ಸ್ಕ್ರೂಡ್ರೈವರ್ ಇಟ್ಟು ಆಲಿಸಿದೆ. ಬೇರಿಂಗಿನ ಗೊರಗೊರ ಇಲ್ಲ, ವಾಲ್ವಿನ ಟಕಟಕ ಇಲ್ಲ, ನಡುಕವಂತೂ ಇಲ್ಲವೇ ಇಲ್ಲ. ಕಾಯಿಲೆಯ ಸದ್ದು ಹುಡುಕುತ್ತಲೇ ಬದುಕಿದವನಿಗೆ ಸದ್ದಿಲ್ಲದ್ದೆಲ್ಲ ಆರೋಗ್ಯವೇ. ಇಂಥ ಎಂಜಿನ್ ಜನ್ಮದಲ್ಲೇ ಕಂಡಿಲ್ಲವೆಂದು ನಾಲ್ಕು ಜನರ ಮುಂದೆ ಸಾರಿಬಿಟ್ಟೆ. ಕಾರು ಹೂವೆತ್ತಿದಷ್ಟು ಹಗುರಾಗಿ ಗುಡ್ಡ ಇಳಿಯಿತು. ಅದನ್ನು ಮತ್ತೆ ಹತ್ತಿಸುವ ಹೊತ್ತಿಗೆ ತಾವು ನಮ್ಮನ್ನೆಲ್ಲ ಚಹಾಕ್ಕೆ ಕರೆದಿರಿ.

ಪೊಲೀಸರು ಮುದ್ರೆ ಒಡೆದಾಗ ಒಳಗೆ ಸಿಕ್ಕಿದ್ದು ನಾಲ್ಕು ಮರಳಿನ ಮೂಟೆ. ಅವನ್ನಾದರೂ ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಿರಿ! ಕೆಲಸಗಾರನಾಗಿ ಮೆಚ್ಚದೆ ಇರಲಾರೆ.

ಅಕ್ಕ ಈಗ ಬೇರೆಯವರ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ನನ್ನನ್ನು ಬೈಯಲಿಲ್ಲ. "ಅವರನ್ನ ನಂಬಿ ಕೊಡಲಿಲ್ಲ ಕಣೋ, ನಿನ್ನ ಕಿವೀನ ನಂಬಿ ಕೊಟ್ಟೆ" ಎಂದಷ್ಟೇ ಹೇಳಿ ಒಳಗೆ ಹೋದವಳು ಅಂದಿನಿಂದ ಮಾತು ಬಿಟ್ಟಿದ್ದಾಳೆ. ನನಗೆ ಅನ್ನ ಸೇರುತ್ತಿಲ್ಲ, ಸ್ವಾಮಿ.

ಹಣ ಕೇಳಿ ತಮ್ಮನ್ನು ಮುಜುಗರಕ್ಕೆ ಸಿಕ್ಕಿಸುವಷ್ಟು ಒರಟ ನಾನಲ್ಲ. ಆ ಕಾರಿನಲ್ಲಿ ಎಂಜಿನ್ ಇತ್ತು, ಆಮೇಲೆ ಕೆಟ್ಟುಹೋಯಿತು ಎಂದು ಅಕ್ಕನ ಹೆಸರಿಗೆ ಒಂದೇ ಒಂದು ಸಾಲು ಬರೆದುಕೊಡಿ. ಊರಿಗೆಲ್ಲ ಅಷ್ಟೊಂದು ಸುಳ್ಳು ಹೇಳಿದವರಿಗೆ ಇದೊಂದು ಭಾರವಾಗಲಾರದು.

ಸೈಕಲ್ ಬಂದರೂ ಈಗ ಮೊದಲು ಬಾನೆಟ್ ಹುಡುಕುವ,
ತಮ್ಮ ವಿಶ್ವಾಸಿ,
ಮೆಕ್ಯಾನಿಕ್

ಮರೆತ ಮಾತು: ಆ ಕಾರನ್ನು ಪೊಲೀಸರು ಸೆರೆಮನೆಯ ಬಾಗಿಲಲ್ಲೇ ನಿಲ್ಲಿಸಿದ್ದಾರೆ. ಜಾಮೀನು ಸಿಕ್ಕ ದಿನ ತಪ್ಪಿಸಿಕೊಳ್ಳುವ ಮನಸ್ಸಾದರೆ ದಯವಿಟ್ಟು ಅದರಲ್ಲೇ ಹೊರಡಿ. ಅಲ್ಲಿಂದ ರಸ್ತೆ ಎರಡೂ ಕಡೆ ಏರು ಎಂದು ಅಕ್ಕ ಖುದ್ದಾಗಿ ಹೋಗಿ ನೋಡಿ ಬಂದು, ಭಾವನ ಕೈಲಿ ನನಗೆ ಹೇಳಿಕಳಿಸಿದ್ದಾಳೆ.