ಮೂಕಿ ಚಿತ್ರಕ್ಕೆ ನಾನು ಬಾಯಾದದ್ದು

ಬಾಯಿಯೇ ಬಂಡವಾಳವಾದವನನ್ನು ಪಜೀತಿಗಳು ಹುಡುಕಿಕೊಂಡು ಬರುತ್ತವೆ. ಕುಲಗೋಡದ ಬಯಲಾಟದಲ್ಲಿ ಹೆಣ್ಣುವೇಷ ಹಾಕುತ್ತಿದ್ದ ನಾನು, ಮೀಸೆ ಬಲಿತು ಮುಖ ಕೈಕೊಟ್ಟ ಮೇಲೆ, ಊರೂರು ತಿರುಗುವ ತಂಬು ಸಿನಿಮಾಕ್ಕೆ ಸೇರಿದೆ. ಆಗಿನ ಚಿತ್ರಗಳಿಗೆ ಮಾತಿರಲಿಲ್ಲ. ಪರದೆಯ ಬದಿಯಲ್ಲಿ ಕೂತು ರಾಜ, ರಾಣಿ, ಕಳ್ಳ ಎಲ್ಲರ ಮಾತನ್ನೂ ನಾನೇ ಆಡಬೇಕು. ವೇಷ ಹೋದರೂ ದನಿ ಉಳಿದಿತ್ತು, ದನಿಯ ಸೊಕ್ಕೂ ಉಳಿದಿತ್ತು.

ಗೋಕಾಕದ ಕಳ್ಳ

ಬಯಲಾಟದಲ್ಲಿ ಯಾವ ಪಾತ್ರ ಬಂದರೂ ಆಟ ನಡೆಸುವ ಸಾರಥಿ ಮೊದಲು "ತಾವು ದಾರು?" ಎಂದು ಕೇಳಬೇಕು. ಪಾತ್ರ ತನ್ನ ಹೆಸರು, ಕುಲ, ಪ್ರತಾಪ ಎಲ್ಲ ಹೇಳಿಕೊಳ್ಳಬೇಕು. ನನಗೆ ಗೊತ್ತಿದ್ದದ್ದೂ ಅದೇ. ಪರದೆಯ ಮೇಲೆ ಕಳ್ಳ ಬಂದ ಕೂಡಲೇ ಸಾರಥಿಯಾಗಿ ಕೇಳಿದೆ, ಕಳ್ಳನಾಗಿ ಉತ್ತರ ಶುರುಮಾಡಿದೆ. ಅವನ ಅಜ್ಜನ ಹೆಸರಿಗೆ ಬರುವಷ್ಟರಲ್ಲಿ ಆ ಪುಣ್ಯಾತ್ಮ ರಾಣಿಯ ಸರ ಕದ್ದು, ಗೋಡೆ ಹಾರಿ, ಕುದುರೆ ಹತ್ತಿಬಿಟ್ಟಿದ್ದ.

"ಮಾಸ್ತರ, ಕಳ್ಳ ಊರ ದಾಟಿದ! ನೀವಿನ್ನೂ ಅವನ ಅಜ್ಜನ ಹಂತ್ಯಾಕ ಅದೀರಿ!" ಎಂದು ಜನ ಕೂಗಿದರು.

ಎಲ್ಲರೂ ನಕ್ಕರು, ತಂಬಿನ ಮಾಲಕರು ಮಾತ್ರ ನಗಲಿಲ್ಲ. "ಹುಕ್ಕೇರಿತನಕ ನೋಡ್ತೇನಿ. ಅಲ್ಲಿ ಜನಾ ಎದ್ದು ಹೋದ್ರ, ನೀನೂ ಎದ್ದು ನಿಮ್ಮೂರ ಹಾದಿ ಹಿಡಿ" ಎಂದರು. ಸಿನಿಮಾ ಸೇರುತ್ತೇನೆಂದು ಊರಿಗೆಲ್ಲ ಸಾರಿ ಬಂದವನು ನಾನು, ಯಾವ ಮುಖ ಹೊತ್ತು ವಾಪಸು ಹೋಗಲಿ?

ಮೂಡಲಗಿಯ ಉಡಿ

ಅಲ್ಲಿ ಹಾಕಿದ್ದು ಗಂಡ ಬಿಟ್ಟ ಗರ್ಭಿಣಿಯ ಕಥೆ. ಹಳೆಯ ಹೆಣ್ಣುದನಿ ತೆಗೆದು ಅತ್ತೆ. ಮರುದಿನ ಒಬ್ಬ ಮುದುಕಿ ತೆಂಗಿನಕಾಯಿ, ಅಕ್ಕಿ, ಕುಬಸದ ಖಣ ಹಿಡಿದು ತಂಬಿನ ಬಾಗಿಲಿಗೆ ಬಂದಳು.

"ನಿನ್ನಿ ಅತ್ತಳಲ್ಲ, ಆ ಹುಡುಗಿ ಎಲ್ಲಿ? ಪಾಪ, ತವರಿಲ್ಲದಾಕಿ. ಉಡಿ ತುಂಬತೇನಿ."

ನಾನು ಮೀಸೆಯ ಮೇಲೆ ಕೈಯಿಟ್ಟುಕೊಂಡು, "ಆಯಿ, ಅದು ನಾನ ರಿ" ಎಂದೆ.

"ಹಂಗಾರ ಅತ್ತು ತೋರಸು."

ಅತ್ತೆ. ಮುದುಕಿ ಕಣ್ಣೊರೆಸಿಕೊಂಡು, "ಖರೆ ಐತಿ. ಧೋತರದ ಸೆರಗ ಒಡ್ಡು" ಎಂದು ಉಡಿ ತುಂಬಿಯೇಬಿಟ್ಟಳು. ಹೋಗುವಾಗ ತಿರುಗಿ ನೋಡಿ ಹೇಳಿದಳು: "ಬಾಣಂತನಕ್ಕ ನಮ್ಮ ಮನಿಗೇ ಬಾ ಮತ್ತ!"

ಹುಕ್ಕೇರಿಯ ಕತ್ತಲು

ಅದೇ ಚಿತ್ರ. ಕೊನೆಯಲ್ಲಿ ಗಂಡ ಹೆಂಡತಿ ಎದುರಾಗುವ ಹೊತ್ತಿಗೆ ರೀಲು ಕಡಿದು ಪರದೆ ಕತ್ತಲಾಯಿತು. ಜನ ಧೋತರ ಝಾಡಿಸಿ ಏಳತೊಡಗಿದರು. ಅವರೆದ್ದರೆ ನನ್ನ ಗಂಟುಮೂಟೆಯೂ ಎದ್ದಂತೆಯೇ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಬಯಲಾಟವೇ. ಗಂಡನ ದನಿಯಲ್ಲಿ, "ಈ ಕತ್ತಲೊಳಗ ಬಂದಂಥವರು ತಾವು ದಾರು?" ಎಂದೆ.

ಹೆಂಡತಿಯ ದನಿಯಲ್ಲಿ, "ನಾನು ದಾರೆಂದು ಕೇಳ್ತಿಯೇನೋ, ತಾಳಿ ಕಟ್ಟಿದ ಗಂಡಸ?" ಎಂದು ಶುರುಮಾಡಿದೆ. ಎದ್ದವರು ಕೂತರು. ಗಂಡನಿಗೆ ಬೈದೆ, ಚಿತ್ರದಲ್ಲಿ ಇಲ್ಲದೇ ಇದ್ದ ಅತ್ತೆಯನ್ನೂ ಕರೆತಂದು ಬೈದೆ. ಹೆಂಗಸರ ಕಡೆಯಿಂದ "ಬೈಯವ್ವಾ, ಇನ್ನೂ ಬೈ!" ಎಂದು ದನಿಗಳು ಬಂದವು. ಜೀವಮಾನದಲ್ಲಿ ಅಷ್ಟು ಖುಷಿ ನನಗೆ ಆಗಿರಲಿಲ್ಲ.

ಅಷ್ಟರಲ್ಲಿ ಮಾಲಕರು ರೀಲು ಜೋಡಿಸಿದರು. ಪರದೆ ಬೆಳಗಿತು. ಮುಂದೆ ಕೂತಿದ್ದ ಗೌಡರು ಸಿಟ್ಟಿನಿಂದ ಎದ್ದು ನಿಂತರು:

"ಏ ಮಾಲಕರ, ಆ ಚಿತ್ರ ಬಂದ ಮಾಡ್ರಿ! ಆಟಕ್ಕ ಅಡ್ಡ ಬರಾಕತ್ತೈತಿ!"

ಮಾಲಕರು ನನ್ನನ್ನೊಮ್ಮೆ ನೋಡಿದರು, ಜನರನ್ನೊಮ್ಮೆ ನೋಡಿದರು, ತಲೆಯ ಟೊಪ್ಪಿಗೆ ತೆಗೆದು ಯಂತ್ರದ ಕಣ್ಣಿಗೆ ಅಡ್ಡ ಹಿಡಿದರು.